ಅಮರೇಶ್ವರಿ ಟೀಚರ್ ಮತ್ತು ಬತ್ತಿದ ಕಾಲುವೆ

ಅಮರೇಶ್ವರಿಯನ್ನು ಅವಳ ತಾತ ನನ್ನ ತರಗತಿಗೆ ಕರೆತಂದಾಗ ಅವಳಿಗೆ ಐದು ವರ್ಷ. ಸಂತೆಕಲ್ಲೂರಿನ ಶಾಲೆಯಲ್ಲಿ ಆಗ ಎರಡೇ ಕೋಣೆಗಳಿದ್ದವು. "ಅಳು ನಿಲ್ಲಿಸದಿದ್ರ ಈ ಮಾಸ್ತರು ಕಿವಿ ಕೊಯ್ತಾರ ನೋಡಬೇ" ಎಂದು ಹೇಳಿ ಮುದುಕ ತನ್ನ ಜೋಳದ ಹೊಲಕ್ಕೆ ಹೊರಟುಹೋದ. ಹುಡುಗಿ ಎರಡು ಕೈಗಳಿಂದ ಎರಡು ಕಿವಿಗಳನ್ನು ಮುಚ್ಚಿಕೊಂಡು ಕುಳಿತಳು. ಮೂರು ದಿನ ಹಾಗೆಯೇ ಕುಳಿತಳು. ಉಣ್ಣುವಾಗಲೂ ಒಂದು ಕೈ ಕಿವಿಯ ಮೇಲಿರುತ್ತಿತ್ತು. ನಾಲ್ಕನೆಯ ದಿನ ನಾನು ಮೇಜಿನ ಡ್ರಾಯರನ್ನೇ ಕಿತ್ತು ಅವಳ ಮುಂದಿಟ್ಟೆ. ಚಾಕ್‌ಪೀಸು, ಹಾಜರಿ ಪುಸ್ತಕ, ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ, ಇಷ್ಟೇ ಇದ್ದವು. ಅವಳು ಕೈ ಹಾಕಿ ಮೂಲೆಮೂಲೆಯನ್ನೂ ತಡವಿ ನೋಡಿದಳು.

"ಚಾಕು ಎಲ್ಲೈತ್ರಿ?"

"ಇಲ್ಲವ್ವ."

"ಮನ್ಯಾಗ ಐತೇನ್ರಿ?"

"ಮನ್ಯಾಗ ಉಳ್ಳಾಗಡ್ಡಿ ಹೆಚ್ಚೋ ಈಳಿಗಿ ಒಂದೈತಿ. ಅದೂ ಮೊಂಡ."

ಆಗ ಅವಳು ಕೈ ಇಳಿಸಿದಳು. ಕಣ್ಣಾರೆ ಕಂಡರೆ ಅಂಜಿಕೆ ಹೋಗುತ್ತದೆ ಎಂದು ನಾನು ಆ ಮೇಲೆ ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದುಂಟು. ಅವಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಬೆಳೆದಳು. ಆದುದರಿಂದ ಮುಂದೆ ನಡೆದದ್ದರಲ್ಲಿ ನನ್ನದೂ ಒಂದು ಪಾಲಿದೆ.

ಮಸ್ಕಿಯಲ್ಲಿ ಪಿಯುಸಿ ಮುಗಿಸಿದ ಮೇಲೆ ಅವಳನ್ನು ಸಿಂಧನೂರು ತಾಲ್ಲೂಕಿಗೆ ಕೊಟ್ಟರು. ವಳಕಮದಿನ್ನಿಯಿಂದ ಸ್ವಲ್ಪ ದೂರದಲ್ಲಿ, ಉಪಕಾಲುವೆಯ ದಂಡೆಯ ಮೇಲೆ ಒಂದು ಕ್ಯಾಂಪಿದೆ, ನೀರಾವರಿಯ ಜೊತೆಗೆ ಹುಟ್ಟಿದ ಪುಟ್ಟ ಊರು. ಹೆಸರು ಬೇಡ, ಈ ಕತೆಯ ಮಕ್ಕಳು ಅಲ್ಲಿಯೇ ಬೆಳೆಯುತ್ತಿದ್ದಾರೆ. ಎಪ್ಪತ್ತು ಮನೆಗಳು, ಸುತ್ತ ಭತ್ತದ ಗದ್ದೆಗಳು, ಒಂದು ಅಂಗನವಾಡಿ. ಅವಳ ಗಂಡ ಗುರುಬಸವ ಟ್ರ್ಯಾಕ್ಟರ್ ಓಡಿಸುತ್ತಾನೆ. ಮದುವೆಯಾದ ನಾಲ್ಕನೆಯ ವರ್ಷಕ್ಕೆ ಅವಳು ಆ ಅಂಗನವಾಡಿಯ ಟೀಚರ್ ಆದಳು. ಅಡಿಗೆಗೆ ಮತ್ತು ಮಕ್ಕಳ ಮೂಗು ಒರೆಸುವುದಕ್ಕೆ ರಮಜಾನಬಿ ಎಂಬ ಸಹಾಯಕಿ ಇದ್ದಳು.

ಎರಡು ವರ್ಷಗಳ ಹಿಂದೆ ಅಕ್ಕಿ ಗಿರಣಿಯವರೊಬ್ಬರು ತಮ್ಮ ಮನೆಯ ಹಳೆಯ ಟಿವಿಯನ್ನು ಅಂಗನವಾಡಿಗೆ ಕೊಟ್ಟರು. ಸಿಂಧನೂರಿನಲ್ಲಿ ನಡೆದ ತರಬೇತಿಯಿಂದ ಅಮರೇಶ್ವರಿ ಒಂದು ಪೆನ್‌ಡ್ರೈವ್ ತಂದಳು. ಅದರಲ್ಲಿ ಬೆಳ್ಳಿ ಎಂಬ ಆಡಿನ ಮರಿಯ ಕಾರ್ಯಕ್ರಮವಿತ್ತು. ಬಟ್ಟೆಯ ಗೊಂಬೆ, ಒಂದು ಕಿವಿ ಮಡಚಿಕೊಂಡಿರುತ್ತಿತ್ತು. ಪ್ರತಿ ಕಂತಿನಲ್ಲಿಯೂ ಆ ಮರಿಗೆ ಒಂದು ಹೊಸ ಸಂಗತಿ ಎದುರಾಗುತ್ತಿತ್ತು: ಕ್ಷೌರ, ಸೂಜಿ, ತಮ್ಮ ಹುಟ್ಟಿದ್ದು, ಅವ್ವ ಒಂದು ದಿನ ಊರಿಗೆ ಹೋದದ್ದು. ಮರಿ ಅಂಜುತ್ತಿತ್ತು. ಆಗ ಅದರ ತಾಯಿ ಬಂದು ಮೆಲ್ಲನೆಯ ದನಿಯಲ್ಲಿ, "ಮೊದಲು ನೋಡೋಣ, ಆಮೇಲೆ ಮುಟ್ಟೋಣ, ಆಮೇಲೆ ಮಾಡೋಣ" ಎನ್ನುತ್ತಿದ್ದಳು. ಅದರಲ್ಲಿ ಓಟವಿಲ್ಲ, ಹೊಡೆದಾಟವಿಲ್ಲ. ಒಂದು ಪ್ರಶ್ನೆ ಕೇಳಿದರೆ, ನೋಡುವ ಮಕ್ಕಳು ಉತ್ತರ ಕೊಡಲೆಂದು ಮರಿಯೂ ತಾಯಿಯೂ ಸ್ವಲ್ಪ ಹೊತ್ತು ಕಾಯುತ್ತಿದ್ದರು. ಹದಿನಾರು ಮಕ್ಕಳೂ ಚಾಪೆಯ ಮೇಲೆ ಕುಳಿತು ಟಿವಿಗೆ ಉತ್ತರ ಕೊಡುತ್ತಿದ್ದರು.

ಅದರ ಗುಣ ಬೇಗ ಕಂಡಿತು. ಚುಚ್ಚುಮದ್ದಿನ ದಿನ ನರ್ಸಮ್ಮ ಬಂದರೆ ಹಿಂದೆ ಅರ್ಧ ಮಕ್ಕಳು ಹಿತ್ತಲಿಗೆ ಓಡುತ್ತಿದ್ದರು. ಆ ಸಲ ವಿರೇಶನೆಂಬ ನಾಲ್ಕು ವರ್ಷದವನು ಮುಂದೆ ಬಂದು, "ಮೊದ್ಲ ಸೂಜಿ ತೋರ್ಸು" ಎಂದ. ನರ್ಸಮ್ಮ ತೋರಿಸಿದಳು. "ಹಿಂದ ತಿರುಗಿಸು" ಎಂದ. ತಿರುಗಿಸಿದಳು. ಹತ್ತಿಯನ್ನು ಮುಟ್ಟಿ, ಮೂಸಿ, ತೋಳು ಚಾಚಿದ.

"ನಿಮ್ಮ ಮಕ್ಳು ನನಗ ಪರೀಕ್ಷಾ ಮಾಡ್ತಾವಲ್ರೀ ಟೀಚರ್" ಎಂದು ನರ್ಸಮ್ಮ ನಕ್ಕಳು.

"ಪಾಸಾಗೀರಿ, ಚುಚ್ಚರಿ" ಎಂದಳು ರಮಜಾನಬಿ.

ಅಮರೇಶ್ವರಿಗೆ ಆ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನನಗೆ ಫೋನು ಮಾಡಿ ಹೇಳಿದಳು. ನಾನು ಮಸ್ಕಿಯ ಮನೆಯಲ್ಲಿ ಕುಳಿತು ಭೇಷ್ ಎಂದೆ.

ಆ ಕ್ಯಾಂಪಿನಲ್ಲಿ ಒಂದೇ ಒಂದು ಅಂಜಿಕೆಯನ್ನು ಮಾತ್ರ ಬೆಳ್ಳಿ ಮರಿಗೂ ಬಿಡಿಸಲು ಆಗಿರಲಿಲ್ಲ. ಅದು ನೀರವ್ವನ ಅಂಜಿಕೆ. ಉಪಕಾಲುವೆ ಅಂಗನವಾಡಿಯ ಹತ್ತಿರ ರಸ್ತೆಯನ್ನು ದಾಟುತ್ತದೆ. ಅಲ್ಲಿ ನೀರು ಎರಡು ದೊಡ್ಡ ಸಿಮೆಂಟು ಕೊಳವೆಗಳೊಳಗೆ ಹೊಕ್ಕು ರಸ್ತೆಯ ಆಚೆ ಹೊರಡುತ್ತದೆ. ಆ ಕೊಳವೆಯೊಳಗೆ ನೀರವ್ವ ಇದ್ದಾಳೆ, ಪಾಚಿಯಂತಹ ಹಸಿರು ಕೂದಲು, ದಂಡೆಗೆ ಬಂದ ಕೂಸಿನ ಕಾಲು ಹಿಡಿಯುತ್ತಾಳೆ ಎಂದು ಕ್ಯಾಂಪಿನ ಪ್ರತಿ ಮನೆಯಲ್ಲಿಯೂ ಹೇಳುತ್ತಿದ್ದರು. ಯಾರು ಮೊದಲು ಹೇಳಿದರೋ ಯಾರಿಗೂ ತಿಳಿಯದು.

ಎಲ್ಲರಿಗಿಂತ ಹೆಚ್ಚು ಅಂಜಿದವಳು ಶಿವಗಂಗಾ. ನಾಲ್ಕು ವರ್ಷ, ತೆಳ್ಳನೆಯ ಹುಡುಗಿ. ತಂದೆತಾಯಿ ನಸುಕಿನಲ್ಲಿಯೇ ಕೂಲಿಗೆ ಹೋಗುತ್ತಿದ್ದರು. ಅಜ್ಜಿ ಪಾರ್ವತೆಮ್ಮ ಅವಳನ್ನು ದಂಡೆಯ ಹಾದಿಯಲ್ಲಿ ಕರೆತರುತ್ತಿದ್ದಳು. ಹುಡುಗಿ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುರುಡಿಯಂತೆ ನಡೆಯುತ್ತಿದ್ದಳು. ಕೊಳವೆಯ ಹತ್ತಿರ ಬರುವಷ್ಟರಲ್ಲಿ ಚಡ್ಡಿ ಒದ್ದೆಯಾಗುತ್ತಿತ್ತು. ಮಾರ್ಚಿನಲ್ಲಿ ಜ್ವರ ಬಂದಿತು, ಬರುವುದೇ ನಿಂತಿತು. ಅಮರೇಶ್ವರಿ ಅವರ ಮನೆಗೆ ಹೋದಳು. ಪಾರ್ವತೆಮ್ಮ ಹೊಸ್ತಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು.

"ಯಾಕ ಅತ್ತಿ, ಕೂಸಿಗೆ ಇಲ್ಲದ್ದೆಲ್ಲ ಹೇಳಿ ಅಂಜಸ್ತೀರಿ?"

"ಅಂಜ್ಲಿ ಬಿಡವ್ವ. ಅಂಜಿದ ಕೂಸು ಮನಿಗೆ ಬರ್ತೈತಿ."

"ಜ್ವರ ಬಂದು ಮಲಗೇತಲ್ರಿ."

"ಮಲಗಿದ್ದು ಏಳ್ತೈತಿ" ಎಂದು ಪಾರ್ವತೆಮ್ಮ ಮೊರದಿಂದ ಕಣ್ಣು ಎತ್ತಲಿಲ್ಲ. "ನೀ ಮಳಿ ನಾಡಿನಾಕಿ. ನಿನಗ ಕಾಲುವಿ ಗೊತ್ತಿಲ್ಲ."

ಅಮರೇಶ್ವರಿಗೆ ಆ ಮಾತು ಸೊಸೆಗೆ ಹೇಳುವ ಕುಹಕದಂತೆ ಕೇಳಿಸಿತು. ಸಂತೆಕಲ್ಲೂರಿನವರಿಗೆ ನೀರೆಂದರೆ ಆಕಾಶದಿಂದ ಬರುವುದು. ಬರುವ ಮೊದಲು ಮೋಡ ಕಾಣುತ್ತದೆ, ಗಾಳಿ ಬೀಸುತ್ತದೆ. ಹಳ್ಳ ಬತ್ತಿದರೆ ಮಳೆ ಬರುವ ತನಕ ಬತ್ತಿಯೇ ಇರುತ್ತದೆ. ನೂರು ಮೈಲಿ ದೂರದಲ್ಲಿ ಯಾರೋ ಗೇಟು ಎತ್ತಿದರೆ ಬಿಸಿಲಿನಲ್ಲಿಯೇ ಮನೆಯ ಮುಂದೆ ಹೊಳೆ ಹರಿಯುತ್ತದೆಂಬುದು ಅವಳಿಗೆ ತಿಳಿದಿತ್ತು. ಆದರೆ ಅದು ಅವಳ ಮೈಗೆ ಹತ್ತಿರಲಿಲ್ಲ. ನನಗೂ ಅಷ್ಟೇ.

ಏಪ್ರಿಲ್ ಎರಡನೆಯ ವಾರದಲ್ಲಿ ಎಂದಿನಂತೆ ಕಾಲುವೆಯ ನೀರು ನಿಂತಿತು. ಎಂಟು ದಿನಗಳಲ್ಲಿ ತಳದ ಕೆಸರು ಒಣಗಿ ಬಿರುಕು ಬಿಟ್ಟಿತು. ಜ್ವರ ಬಿಟ್ಟ ಶಿವಗಂಗಾಳನ್ನು ಅಮರೇಶ್ವರಿ ತಾನೇ ಹೊತ್ತು ತಂದಳು. ಆ ದಿನ ಟಿವಿಯಲ್ಲಿ ಬೆಳ್ಳಿ ಮರಿ ಕತ್ತಲೆಯ ಕಣಜದ ಕೋಣೆಗೆ ಅಂಜುತ್ತಿತ್ತು. ತಾಯಿ ದೀಪ ಹಿಡಿದು ಒಳಗೆ ಕರೆದೊಯ್ದು, ಮೂಟೆಗಳ ಹಿಂದೆ ಏನೂ ಇಲ್ಲವೆಂದು ತೋರಿಸಿದಳು. ಮಕ್ಕಳು ಇನ್ನೊಮ್ಮೆ ಹಾಕು ಎಂದರು. ಇನ್ನೊಮ್ಮೆ ಹಾಕಿದಳು. ಮರುದಿನ ಬೆಳಿಗ್ಗೆ ಹದಿನಾರು ಮಕ್ಕಳನ್ನೂ ಸಾಲು ಮಾಡಿ ಕಾಲುವೆಗೆ ನಡೆಸಿದಳು.

ಬಟ್ಟೆ ಒಗೆಯುವ ಮೆಟ್ಟಿಲುಗಳಿಂದ ಒಬ್ಬೊಬ್ಬರನ್ನಾಗಿ ಇಳಿಸಿದಳು. ಮಕ್ಕಳು ಮೊದಲು ಪಿಸುಗುಟ್ಟಿದರು, ಆ ಮೇಲೆ ಕೂಗಿದರು. "ನೀರವ್ವಾ, ಎಲ್ಲಿದ್ದೀ ಬಾ" ಎಂದು ವಿರೇಶ ಕೊಳವೆಯ ಬಾಯಿಗೆ ಕೂಗಿದ. ಒಳಗಿನಿಂದ ಅವನ ದನಿಯೇ ದಪ್ಪಗಾಗಿ ಮರಳಿತು. ಎಲ್ಲರೂ ನಕ್ಕರು. ಶಿವಗಂಗಾ ಮಾತ್ರ ಟೀಚರ ಕೊರಳನ್ನು ಬಿಡದೆ ಕಣ್ಣು ಮುಚ್ಚಿಕೊಂಡಿದ್ದಳು.

"ಮೊದ್ಲ ಏನು ಮಾಡೂಣ?" ಎಂದು ಅಮರೇಶ್ವರಿ ಕಿವಿಯಲ್ಲಿ ಕೇಳಿದಳು.

ಹುಡುಗಿ ಕಣ್ಣು ಮುಚ್ಚಿಕೊಂಡೇ, "ನೋಡೂಣ" ಎಂದಳು. ಒಂದು ಕಣ್ಣು ತೆರೆದಳು. ಕೊಳವೆಯ ಆಚೆಯ ತುದಿಯಲ್ಲಿ ದುಂಡನೆಯ ಬೆಳಕು ಕಾಣುತ್ತಿತ್ತು. ಕೈ ಚಾಚಿ ಸಿಮೆಂಟನ್ನು ಮುಟ್ಟಿದಳು. ಕೆಳಗಿಳಿದಳು. ನಾಲ್ಕು ಹೆಜ್ಜೆ ಒಳಗೆ ಹೋಗಿ, ತಿರುಗಿ ನಿಂತು, "ಯಾರೂ ಇಲ್ಲ" ಎಂದಳು.

ದಂಡೆಯ ಮೇಲೆ ನಿಂತಿದ್ದ ರಮಜಾನಬಿ ನಗಲಿಲ್ಲ. "ಮಕ್ಕಳಿಗೆ ಹಾದಿ ತೋರಿಸಿದಂಗ ಆತಲ್ರೀ ಟೀಚರ್" ಎಂದಳು.

"ಹಾದಿ ಅಲ್ಲಬೇ, ಧೈರ್ಯ."

ರಮಜಾನಬಿ ಉಪ್ಪಿಟ್ಟು ಹೊತ್ತುತ್ತದೆಂದು ಹೋದಳು.

ಆ ಬೇಸಗೆ ಕಾಲುವೆಯೇ ಮಕ್ಕಳ ಅಂಗಳವಾಯಿತು. ಕೊಳವೆಯ ಬಾಯಿಯಲ್ಲಿ ಸದಾ ನೆರಳು, ತಂಪು. ಶಿವಗಂಗಾ ಅಲ್ಲಿ ಮೂರು ಕಲ್ಲಿನ ಒಲೆ ಹೂಡಿದಳು. ತೆಂಗಿನ ಚಿಪ್ಪಿನಲ್ಲಿ ಮಣ್ಣಿನ ಅನ್ನ ಬೇಯಿಸಿದಳು. ಬಟ್ಟೆ ಒದ್ದೆಯಾಗುವುದು ನಿಂತಿತು. ಮೈ ತುಂಬಿಕೊಂಡಿತು. ಅಜ್ಜಿಯ ಸೆರಗನ್ನು ಬಿಟ್ಟು ತಾನೇ ಮುಂದಾಗಿ ಓಡಿ ಅಂಗನವಾಡಿಗೆ ಬರತೊಡಗಿದಳು. ದಂಡೆಯ ಮೇಲಲ್ಲ, ಕಾಲುವೆಯ ಒಳಗಿನಿಂದ.

ಜುಲೈ ತಿಂಗಳ ಒಂದು ಬುಧವಾರ, ಕಾಲುವೆಯ ಗೇಟು ನೋಡಿಕೊಳ್ಳುವ ದಸ್ತಗೀರ್‌ಸಾಬ್ ಅಂಗನವಾಡಿಯ ಮುಂದೆ ಮೊಪೆಡ್ ನಿಲ್ಲಿಸಿ ಕುಡಿಯಲು ನೀರು ಕೇಳಿದ.

"ಸಸಿ ಮಡಿಗೆ ತಯಾರಾಗಾಕ ಹೇಳ್ರಿ ಟೀಚರಮ್ಮ, ನಿಮ್ಮ ಯಜಮಾನ್ರಿಗೆ. ಡ್ಯಾಮಿನಾಗ ನೀರು ಬಿಟ್ಟಾರ."

"ಇಲ್ಲಿಗೆ ಯಾವಾಗ ಬರ್ತೈತ್ರಿ, ಚಾಚಾ?"

"ನನ್ನ ಅಂದಾಜು ಶುಕ್ರವಾರ ಸಂಜಿಗೆ."

ಮಕ್ಕಳೆಲ್ಲ ನಲಿದಾಡಿದರು, ದೊಡ್ಡವರು ಸಂತೋಷಪಡುವ ಸುದ್ದಿ ಅವರಿಗೂ ಸಂತೋಷವೇ. ಅಮರೇಶ್ವರಿ ಲೋಟವನ್ನು ಹಿಡಿದುಕೊಂಡು ಹಾಗೆಯೇ ನಿಂತಿದ್ದಳಂತೆ. ಬಾಗಿಲಿನಿಂದ ಕಾಲುವೆ ಕಾಣುತ್ತಿತ್ತು. ಮೆಟ್ಟಿಲುಗಳಿಂದ ಕೊಳವೆಯ ಬಾಯಿಯವರೆಗೆ ಪುಟ್ಟ ಪಾದಗಳು ಸವೆಸಿದ ಬಿಳಿಯ ಕಾಲುದಾರಿ ಬಿದ್ದಿತ್ತು.

ಆ ಮಧ್ಯಾಹ್ನ ಅವಳು ಮಕ್ಕಳನ್ನು ಕೂಡಿಸಿಕೊಂಡು, ಇನ್ನು ಮೇಲೆ ಕಾಲುವೆಗೆ ಇಳಿಯಬಾರದು ಎಂದಳು.

"ಯಾಕ?" ಎಂದಳು ಶಿವಗಂಗಾ.

"ನೀರು ಬರ್ತೈತಿ. ಎಳಕೊಂಡು ಹೋಗ್ತೈತಿ."

"ಯಾರು ಎಳೀತಾರ? ಅಲ್ಲಿ ಯಾರೂ ಇಲ್ಲಲ್ಲ. ನೀನ ತೋರ್ಸೀದಿ."

"ನೀರ ಎಳೀತೈತಿ, ಪುಟ್ಟಿ."

ಹುಡುಗಿ ಟೀಚರ ಮುಖವನ್ನು ನೋಡಿದಳು. ಆ ಮೇಲೆ ಮಂಡಿಯ ಮೇಲೆ ಸರಿದು ಬಂದು, ಅವಳ ಕೆನ್ನೆಗೆ ಕೈ ಹಚ್ಚಿ, "ಅಂಜಬ್ಯಾಡ ಟೀಚರ್. ಮೊದ್ಲ ನೋಡೂಣ, ಆಮ್ಯಾಲ ಮುಟ್ಟೂಣ" ಎಂದಳು.

ಅಮರೇಶ್ವರಿ ಸಂಜೆ ಮನೆಮನೆಗೂ ಹೋದಳು. ಎಲ್ಲರೂ "ಆತು ಟೀಚರ್, ನೋಡ್ಕೋತೀವಿ" ಎಂದರು; ನಾಟಿಗೆ ಆಳು ಹೊಂದಿಸುವ ಮಾತಿನಲ್ಲಿದ್ದರು. ಕೊನೆಗೆ ಪಾರ್ವತೆಮ್ಮನ ಹೊಸ್ತಿಲಿನಲ್ಲಿ ಕುಳಿತು, ತಲೆ ತಗ್ಗಿಸಿ, "ಅತ್ತಿ, ನೀರವ್ವನ ಕತಿ ಮತ್ತ ಹೇಳ್ರಿ" ಎಂದಳು.

"ನಿನ್ನೆ ರಾತ್ರಿನೂ ಹೇಳೀನಿ" ಎಂದಳು ಪಾರ್ವತೆಮ್ಮ. "ನಗತಾಳವ್ವ."

ಗುರುವಾರ ಏನೂ ಆಗಲಿಲ್ಲ. ರಮಜಾನಬಿ ಮೆಟ್ಟಿಲುಗಳ ಬಾಯಿಗೆ ಜಾಲಿ ಮುಳ್ಳು ತಂದು ಹಾಕಿದಳು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಅಮರೇಶ್ವರಿ ಮಕ್ಕಳನ್ನು ಎಣಿಸಿದಳು. ಹದಿನೈದು. ಮತ್ತೊಮ್ಮೆ ಎಣಿಸುತ್ತಿರುವಾಗ ಪಾರ್ವತೆಮ್ಮ ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು.

"ನಮ್ಮ ಕೂಸು ಬಂದೈತಲ್ಲ? ನಾ ಸೊಂಟ ಹಿಡಕೊಂಡು ಕುಂತೆ, ಮುಂದ ಓಡಿ ಬಂತು."

ಅಮರೇಶ್ವರಿ ಚಪ್ಪಲಿಯಿಲ್ಲದೆ ಹೊರಗೆ ಓಡಿದಳು. ಅವಳ ಹಿಂದೆ ರಮಜಾನಬಿ.

ನೀರು ದಸ್ತಗೀರ್‌ಸಾಬನ ಅಂದಾಜಿಗಿಂತ ಅರ್ಧ ದಿನ ಮೊದಲೇ ಬಂದಿತ್ತು. ಮೇಲಿನ ಊರುಗಳ ರೈತರು ಸಸಿ ಮಡಿ ಸಿದ್ಧವಾಗದೆ ಇನ್ನೂ ತಮ್ಮ ತೂಬುಗಳನ್ನು ತೆರೆದಿರಲಿಲ್ಲ. ಎಲ್ಲವೂ ಕೆಳಕ್ಕೇ ಹರಿಯಿತು. ಬಂದದ್ದು ಅಬ್ಬರಿಸಿಕೊಂಡೂ ಅಲ್ಲ. ದೂರದಲ್ಲಿ ಯಾರೋ ಅಂಗಳ ಗುಡಿಸುತ್ತಿರುವಂತಹ ಸದ್ದು, ಅಷ್ಟೇ. ಮುಂದೆ ಒಣ ಹುಲ್ಲು, ಒಂಟಿ ಚಪ್ಪಲಿ, ಪ್ಲಾಸ್ಟಿಕ್ ಬಾಟಲಿಗಳನ್ನು ತಳ್ಳಿಕೊಂಡು, ಕೆಂಪು ನೀರಿನ ಒಂದು ನಾಲಿಗೆ ಬಿರುಕುಗಳನ್ನು ತುಂಬುತ್ತ ನಿಧಾನವಾಗಿ ಬರುತ್ತಿತ್ತು.

ಶಿವಗಂಗಾ ಕೊಳವೆಯ ಬಾಯಿಯಲ್ಲಿ ಒಲೆಯ ಪಕ್ಕದಲ್ಲಿ ನಿಂತಿದ್ದಳು. ಮುಳ್ಳು ಹಾಕಿದ್ದು ಮೆಟ್ಟಿಲಿಗೆ. ಅವಳು ಮನೆಯ ಕಡೆಯಿಂದಲೇ ಕಾಲುವೆಗೆ ಇಳಿದು ಬಂದಿದ್ದಳು. ಅಮರೇಶ್ವರಿಗೆ ಕೂಗಬೇಕೆನಿಸಿತು. ಕೂಗಿದರೆ ಕೂಸು ಬೆದರಿ ಕೊಳವೆಯೊಳಗೆ ಓಡಿದರೆ? ಅವಳು ಬಾಯಿ ಬಿಗಿಹಿಡಿದು ಮುಳ್ಳನ್ನು ತುಳಿದುಕೊಂಡೇ ಮೆಟ್ಟಿಲಿಳಿದಳು. ಅವಳಿಗೆ ಈಜು ಬರುವುದಿಲ್ಲ.

ಹುಡುಗಿ ಬರುತ್ತಿರುವ ನೀರನ್ನು ನೋಡಿದಳು. ಅದು ಹತ್ತಿರ ಬಂದಾಗ ಬಗ್ಗಿ ಬೆರಳಿನಿಂದ ಮುಟ್ಟಿದಳು. ಆ ಮೇಲೆ ಲಂಗ ಎತ್ತಿ ಹಿಡಿದು ಒಂದು ಕಾಲನ್ನು ಅದರಲ್ಲಿ ಇಟ್ಟಳು. ಟೀಚರು ಬರುತ್ತಿರುವುದನ್ನು ಕಂಡು ನಕ್ಕಳು.

"ತಣ್ಣಗೈತಿ ಟೀಚರ್."

ಅಮರೇಶ್ವರಿ ಅವಳನ್ನು ಎತ್ತಿಕೊಂಡಾಗ ನೀರು ಮೀನಖಂಡದವರೆಗೆ ಇತ್ತು. ತಿರುಗಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಮೊಣಕಾಲು ದಾಟಿತು. ಎರಡೂ ಬದಿಗೆ ನುಣುಪಾದ ಸಿಮೆಂಟಿನ ಇಳಿಜಾರು. ಹಿಡಿಯಲು ಒಂದು ಹುಲ್ಲುಕಡ್ಡಿಯೂ ಇಲ್ಲ. ಮೆಟ್ಟಿಲು ಮೂವತ್ತು ಹೆಜ್ಜೆ ದೂರದಲ್ಲಿ, ಹರಿವಿಗೆ ಎದುರಾಗಿ. ಕೆಳಗಿನ ಕೆಸರು ಕಾಲನ್ನು ಹಿಡಿದು ಹಿಡಿದು ಬಿಡುತ್ತಿತ್ತು. ಹಿಂದೆ ಕೊಳವೆಗಳು ಉಸಿರೆಳೆಯುವ ಸದ್ದು ಶುರುವಾಯಿತು. ಹುಡುಗಿಯನ್ನು ಹೆಗಲ ಮೇಲಕ್ಕೆ ಸರಿಸಿಕೊಂಡು, ಒಂದು ಕಾಲು ಊರಿದ ಮೇಲೆಯೇ ಇನ್ನೊಂದನ್ನು ಎತ್ತುತ್ತ ಅವಳು ನಡೆದಳು. ನೀರು ತೊಡೆಗೆ ಬಂದಿತು, ಸೊಂಟಕ್ಕೆ ಬಂದಿತು. ಕೊನೆಯ ನಾಲ್ಕು ಹೆಜ್ಜೆಗಳನ್ನು ಇಡಲು ಆಗಲಿಲ್ಲ; ನಿಂತಲ್ಲೇ ನಿಲ್ಲುವುದೇ ಸಾಕಾಯಿತು. ರಮಜಾನಬಿ ನೀರಿನಂಚಿನ ಮೆಟ್ಟಿಲಿನಲ್ಲಿ ಬೋರಲು ಬಿದ್ದು, ಒಂದು ಕೈಯಿಂದ ಅಲ್ಲಿ ನೆಟ್ಟಿದ್ದ ಕಬ್ಬಿಣದ ಬಳೆಯನ್ನು ಹಿಡಿದು, ಸೀರೆಯ ಸೆರಗನ್ನು ಬಿಚ್ಚಿ ಎಸೆದಳು. ಅಮರೇಶ್ವರಿ ಅದನ್ನು ಮುಂಗೈಗೆ ಸುತ್ತಿಕೊಂಡಳು, ರಮಜಾನಬಿ ಎಳೆದಳು.

ಮೆಟ್ಟಿಲಿನ ಮೇಲೆ ಬಂದ ಮೇಲೆ ಶಿವಗಂಗಾ ಮೊದಲ ಸಲ ಅತ್ತಳು. "ನನ್ನ ಒಲಿ ಹೋತು" ಎಂದು ಅತ್ತಳು. ಅಂಜಿ ಅತ್ತದ್ದಲ್ಲ.

ಸಂಜೆ ಕ್ಯಾಂಪಿನವರು ಅಂಗನವಾಡಿಯ ಮುಂದೆ ಸೇರಿದರು. ಮುಳ್ಳು ಕಿತ್ತ ಕಾಲುಗಳಿಗೆ ಬಟ್ಟೆ ಸುತ್ತಿಕೊಂಡು ಅಮರೇಶ್ವರಿ ಎದ್ದು ನಿಂತು, ಮಕ್ಕಳನ್ನು ಕಾಲುವೆಗೆ ಇಳಿಸಿದವಳು ತಾನೇ ಎಂದು ಹೇಳಿದಳು. ಕಿರಾಣಿ ಅಂಗಡಿಯ ಕನಕರಾಯ, "ಮೊದ್ಲ ಆ ಟಿವಿ ಒಡದು ಒಗೀರಿ" ಎಂದ.

"ಟಿವಿದು ತಪ್ಪಿಲ್ಲ ಅಣ್ಣ. ಅದರಾಗ ಮರಿ ಹೊಸಾದ್ದಕ್ಕ ಹೋಗೋ ಮುಂದ ತಾಯಿ ಜೋಡಿ ಇರ್ತಾಳ, ಕೊನೀತನಕ. ನಾ ಒಂದ ದಿನ ಜೋಡಿ ಹೋದೆ. ಆಮ್ಯಾಲ ಬಿಟ್ಟೆ."

"ಹಂಗಾರ ಈಗ ಏನ್ಮಾಡ್ತಿ? ಅಂಜಿಕಿ ಅಂಗಡ್ಯಾಗ ಸಿಗೂದಿಲ್ಲ."

ಒಬ್ಬ ಹುಡುಗಿಯೇನೋ ಬದುಕಿ ಉಳಿದಿದ್ದಳು. ಕಾಲುವೆ ಇನ್ನು ಎಂಟು ತಿಂಗಳು ತುಂಬಿ ಹರಿಯುವುದು, ಮತ್ತು ಅದಕ್ಕೆ ಅಂಜದ ಮಕ್ಕಳು ಹದಿನಾರು. ಗುಂಪಿನ ಹಿಂದಿನಿಂದ ಪಾರ್ವತೆಮ್ಮ, "ನಾಳಿ ಮುಂಜಾನೆ ಎಲ್ಲಾರೂ ನಿಮ್ಮ ನಿಮ್ಮ ಕೂಸಿನ ಕೈ ಹಿಡಕೊಂಡು ದಂಡಿಗೆ ಬರ್ರಿ. ನಾ ಹೇಳ್ತೀನಿ" ಎಂದಳು.

ಅಮರೇಶ್ವರಿ ರಾತ್ರಿ ಫೋನು ಮಾಡಿದ್ದಳು; ನಾನು ಶನಿವಾರ ಮೊದಲ ಬಸ್ಸಿಗೆ ಹೋದೆ. ಅಷ್ಟು ಜನ ಕೂಲಿಗೆ ಹೋಗದೆ ನಿಂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಪ್ರತಿ ಮಗುವಿನ ಮುಂಗೈ ಒಂದು ದೊಡ್ಡ ಕೈಯಲ್ಲಿತ್ತು. ಕಾಲುವೆ ಅಂಚಿನವರೆಗೆ ತುಂಬಿ, ಸದ್ದಿಲ್ಲದೆ ಹರಿಯುತ್ತಿತ್ತು. ಕೊಳವೆಗಳ ಬಾಯಿ ಕಾಣುತ್ತಲೇ ಇರಲಿಲ್ಲ. ಅಲ್ಲಿ ನೀರಿನ ಮೇಲೆ ಒಂದು ಸುಳಿ ಮಾತ್ರ ತಿರುಗುತ್ತಿತ್ತು.

ಪಾರ್ವತೆಮ್ಮ ಮೊಮ್ಮಗಳ ಕೈ ಹಿಡಿದು, ಅಂಚಿನಿಂದ ಮೂರು ಹೆಜ್ಜೆ ಹಿಂದೆ ನಿಂತಳು.

"ನೀರವ್ವ ಇಲ್ಲ" ಎಂದಳು. "ಟೀಚರ್ ಖರೇ ಹೇಳ್ಯಾಳ. ಅಲ್ಲಿ ಯಾರೂ ಇಲ್ಲ. ನನಗ ನಿಮ್ಮಷ್ಟ ಒಬ್ಬಾಕಿ ಮಗಳಿದ್ದಳು. ಶರಣಮ್ಮ ಅಂತ. ಇಲ್ಲೇ, ನಾ ಬಟ್ಟಿ ಹಿಂಡಾಕತ್ತಿದ್ದೆ. ಚಂಬು ತೇಲಿ ಹೊಂಟಿತ್ತು, ಹಿಡೀಬೇಕಂತ ಬಗ್ಗಿದಳು. ನಾ ತಿರುಗಿ ನೋಡೂದರಾಗ ಚಂಬೂ ಇಲ್ಲ, ಕೂಸೂ ಇಲ್ಲ."

ಇಷ್ಟು ವರ್ಷ ಆ ಹೆಸರನ್ನು ಅವಳು ಮನೆಯಲ್ಲಿಯೂ ಎತ್ತಿರಲಿಲ್ಲವಂತೆ. ಅವಳ ಮಗನೇ ತಾಯಿಯ ಮುಖವನ್ನು ನೋಡುತ್ತ ನಿಂತಿದ್ದ.

ಶಿವಗಂಗಾ ಸುಳಿಯನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. "ಮತ್ತ ಆಚೀಗಿಂದ ಹೊರಗ ಬರ್ಲಿಲ್ಲೇನು?"

"ಬಂದಳು. ಎರಡು ದಿನಕ್ಕ."

"ಅತ್ತಳೇನು?"

"ಇಲ್ಲ" ಎಂದಳು ಪಾರ್ವತೆಮ್ಮ. "ಏನೂ ಮಾಡ್ಲಿಲ್ಲ."

ಶಿವಗಂಗಾ ಅಜ್ಜಿಯ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ವಿರೇಶ ಸರಿದ. ಒಬ್ಬರ ಹಿಂದೊಬ್ಬರು ಮಕ್ಕಳು ತಾವಾಗಿಯೇ ಸರಿದರು. ಅಮರೇಶ್ವರಿ ಎಣಿಸುತ್ತಿದ್ದಳು, ಅವಳ ತುಟಿಗಳು ಅಲುಗುತ್ತಿದ್ದವು. ಹದಿನೈದು.

ಜೂನ್ ತಿಂಗಳಲ್ಲಿ, ದೊಡ್ಡ ಶಾಲೆಗೆ ಹೋದ ಒಬ್ಬ ಹುಡುಗನ ಜಾಗಕ್ಕೆ ಹೊಸದಾಗಿ ಸೇರಿದ ಮೂರು ವರ್ಷದ ಜಯಶ್ರೀ ಒಬ್ಬಳು ಮಾತ್ರ ಸರಿಯಲಿಲ್ಲ. ಅವಳಿಗೆ ಈ ಮಾತು ಇನ್ನೂ ತಿಳಿಯದು. ಅವಳು ತಾಯಿಯ ಕೈಯಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತ, ತೇಲಿ ಬರುತ್ತಿದ್ದ ಒಂದು ಹಸಿರು ಟೊಂಗೆಯನ್ನು ನೋಡುತ್ತಿದ್ದಳು. ಅಮರೇಶ್ವರಿ ಕುಂಟುತ್ತ ಹೋಗಿ ಅವಳ ಪಕ್ಕದಲ್ಲಿ ಮಂಡಿಯೂರಿ, ಫ್ರಾಕಿನ ಹಿಂಬದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಟೊಂಗೆ ಸುಳಿಯೊಳಗೆ ಇಳಿದು ಕಾಣದಾಯಿತು. ಜನ ಒಬ್ಬೊಬ್ಬರಾಗಿ ಕೂಲಿಗೆ ಹೊರಟರು. ನಾನು ಬಸ್ಸಿಗೆ ಹೊರಡುವಾಗ ತಿರುಗಿ ನೋಡಿದೆ. ಅವಳು ಆ ಮುಷ್ಟಿಯನ್ನು ಇನ್ನೂ ಬಿಟ್ಟಿರಲಿಲ್ಲ.